ಮನೆಯೊಳಗಿನ ಚಳಿ



ತಾಯಿಯ ನೆನಪಿಗೆ ಈ ಉಪನ್ಯಾಸದ ದತ್ತಿ ಇಟ್ಟ ಕುಟುಂಬದವರು ಹಾಕಿರುವ ಷರತ್ತು ಎರಡು. ಉಪನ್ಯಾಸ ಆರೋಗ್ಯಕ್ಕೆ ಸಂಬಂಧಪಟ್ಟಿರಬೇಕು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಬೇಕು. ನಾನು ಆರಿಸಿಕೊಂಡ ವಿಷಯ ಇಂಗ್ಲೆಂಡಿನ 1962-63ರ ಚಳಿಗಾಲ. ಮೈಸೂರಿನಲ್ಲಿ ಕೂತು ಅರವತ್ತು ವರ್ಷದ ಹಿಂದಿನ ಇಂಗ್ಲೆಂಡಿನ ಚಳಿಯನ್ನು ಯಾಕೆ ನೆನೆಯಬೇಕು ಎಂದು ಕಾರ್ಯದರ್ಶಿಗಳು ಫೋನಿನಲ್ಲಿ ಕೇಳಿದರು. ಆ ಮೂರು ತಿಂಗಳಲ್ಲಿ ಕಲಿತ ಒಂದು ಪಾಠ ನನಗೆ ಅಲ್ಲಿಗಿಂತ ಹೆಚ್ಚಾಗಿ ಇಲ್ಲಿ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಪಯೋಗಕ್ಕೆ ಬಂತು. ಅದಕ್ಕೆ ಈ ವಿಷಯ.

ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದು ಮುಗಿಸಿ ನಾನು ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಆಸ್ಪತ್ರೆಗಳಿಗೆ ವೈದ್ಯರು ಸಾಲುತ್ತಿರಲಿಲ್ಲ. ಭಾರತ, ಪಾಕಿಸ್ತಾನಗಳಿಂದ ಹೋದ ನಮ್ಮಂಥ ಕಿರಿಯರಿಗೆ ಕೆಲಸ ಸಿಗುತ್ತಿತ್ತು. ಸಿಗುತ್ತಿದ್ದದ್ದು ಮಾತ್ರ ಆ ದೇಶದ ಪದವೀಧರರು ಬೇಡವೆಂದ ವಿಭಾಗಗಳಲ್ಲಿ. ಅವುಗಳಲ್ಲಿ ಮೊದಲನೆಯದು ವೃದ್ಧರ ವಾರ್ಡು. ನನಗೆ ಸಿಕ್ಕಿದ್ದೂ ಅದೇ. ಲ್ಯಾಂಕಷೈರಿನ ಒಂದು ಹತ್ತಿಗಿರಣಿ ಊರು. ಹಿಂದೆ ನಿರ್ಗತಿಕರನ್ನು ಇಡುತ್ತಿದ್ದ ಕಟ್ಟಡವೇ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ಆಸ್ಪತ್ರೆಯಾಗಿತ್ತು. ಉದ್ದನೆಯ ವಾರ್ಡು, ಎರಡು ಸಾಲು ಹಾಸಿಗೆ. ವೃದ್ಧಾಪ್ಯವೆಂದು ಕೈಬಿಟ್ಟವರನ್ನು ಸರಿಯಾಗಿ ಪರೀಕ್ಷಿಸಿದರೆ ಎಷ್ಟೋ ಮಂದಿ ಎದ್ದು ಮನೆಗೆ ನಡೆದು ಹೋಗುತ್ತಾರೆ ಎಂದು ಲಂಡನ್ನಿನಲ್ಲಿ ಮಾರ್ಜೊರಿ ವಾರೆನ್ ಎಂಬ ವೈದ್ಯೆ 1930ರ ದಶಕದಿಂದಲೇ ತೋರಿಸಿಕೊಟ್ಟಿದ್ದರು. ನಮ್ಮ ಹಿರಿಯ ವೈದ್ಯರು ಆ ದಾರಿಯವರು. ಅಂಥವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪುಣ್ಯವೆಂದೇ ತಿಳಿದಿದ್ದೇನೆ.

ಆ ಚಳಿಗಾಲ ಬಂದ ಬಗೆ ಹೇಳುತ್ತೇನೆ. ಡಿಸೆಂಬರ್ ಮೊದಲ ವಾರ ಲಂಡನ್ನನ್ನು ಹೊಗೆಮಂಜು ಮುಚ್ಚಿ ನೂರಾರು ಜನ ತೀರಿಕೊಂಡರು. ಕ್ರಿಸ್‌ಮಸ್ಸಿನ ಮಾರನೆಯ ದಿನ ಹಿಮ ಬೀಳತೊಡಗಿತು. 29, 30ರಂದು ನೈಋತ್ಯ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹಿಮದ ಬಿರುಗಾಳಿ. ಗಾಳಿ ತಂದು ಒಟ್ಟಿದ ಹಿಮ ಕೆಲವು ಕಡೆ 20 ಅಡಿ ಎತ್ತರವಾಗಿ ಹಳ್ಳಿಗಳಿಗೆ ದಾರಿಯೇ ಇಲ್ಲದಂತಾಯಿತು. ಮಾಮೂಲಿ ವರ್ಷಗಳಲ್ಲಿ ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸುವ ಪಶ್ಚಿಮದ ಗಾಳಿ ಬ್ರಿಟನ್ನನ್ನು ಒಂದಿಷ್ಟು ಬೆಚ್ಚಗಿಡುತ್ತದೆ. ಆ ವರ್ಷ ಐಸ್‌ಲೆಂಡ್, ಸ್ಕ್ಯಾಂಡಿನೇವಿಯಗಳ ಕಡೆ ಅಧಿಕ ಒತ್ತಡದ ವಲಯ ಅಲುಗಾಡದೆ ನಿಂತು ಆ ಗಾಳಿಗೆ ಅಡ್ಡವಾಯಿತು. ಅದರ ಬದಲು ರಷ್ಯದ ಕಡೆಯ ಒಣ ಮೂಡಣ ಗಾಳಿ ವಾರಗಟ್ಟಲೆ ಬೀಸಿತು. ಮಧ್ಯ ಇಂಗ್ಲೆಂಡಿನ ಉಷ್ಣಾಂಶದ ದಾಖಲೆ 1659ರಿಂದ ಇದೆ. ಅದರ ಪ್ರಕಾರ 1740ರ ನಂತರ ಅಷ್ಟು ಚಳಿಯ ಚಳಿಗಾಲ ಬಂದಿರಲಿಲ್ಲ. 1963ರ ಜನವರಿ ಇಡೀ ತಿಂಗಳ ಸರಾಸರಿ ಸೊನ್ನೆಗಿಂತ 2.1 ಡಿಗ್ರಿ ಸೆಲ್ಸಿಯಸ್ ಕೆಳಗೆ. ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಜನವರಿ 18ರಂದು ಸೊನ್ನೆಗಿಂತ 22 ಡಿಗ್ರಿ ಕೆಳಗಿಳಿಯಿತು. ಕೆಂಟ್ ತೀರದ ಹರ್ನ್ ಬೇ ಎಂಬಲ್ಲಿ ಸಮುದ್ರವೇ ಹೆಪ್ಪುಗಟ್ಟಿತು. ಆಕ್ಸ್‌ಫರ್ಡಿನಲ್ಲಿ ಥೇಮ್ಸ್ ನದಿಯ ಮಂಜುಗಡ್ಡೆಯ ಮೇಲೆ ಕಾರು ಓಡಿಸಿದರು.

ಪತ್ರಿಕೆಗಳಲ್ಲಿ ಬಂದದ್ದು ಇವೇ ಚಿತ್ರಗಳು. ಫುಟ್‌ಬಾಲ್ ಕಪ್ಪಿನ ಮೂರನೆಯ ಸುತ್ತು ಮುಗಿಯಲು 66 ದಿನ ಹಿಡಿಯಿತು ಎಂಬುದನ್ನು ಅಲ್ಲಿನ ಜನ ಇಂದಿಗೂ ಹೇಳುತ್ತಾರೆ. ಆ ತಿಂಗಳುಗಳಲ್ಲೇ ಇಂಗ್ಲೆಂಡ್ ಕ್ರಿಕೆಟ್ ತಂಡ ಆಸ್ಟ್ರೇಲಿಯದಲ್ಲಿ ಬೇಸಿಗೆಯ ಬಿಸಿಲಲ್ಲಿ ಆಡುತ್ತಿತ್ತು. ಬೆಳಗಿನ ಹೊತ್ತು ವಾರ್ಡಿನ ಮುದುಕರು ರೇಡಿಯೊಗೆ ಕಿವಿಕೊಟ್ಟು ಡೆಕ್ಸ್‌ಟರ್ ಎಷ್ಟು ಹೊಡೆದ ಎಂದು ಕೇಳುತ್ತಿದ್ದರು.

ಚಳಿ ನನಗೆ ಆಸ್ಪತ್ರೆಯಲ್ಲಿ ಗೊತ್ತಾಗಲಿಲ್ಲ. ಅಲ್ಲಿ ಬಾಯ್ಲರು ಇತ್ತು, ವಾರ್ಡಿನುದ್ದಕ್ಕೂ ಬಿಸಿನೀರಿನ ಕೊಳವೆ ಹಾದುಹೋಗಿತ್ತು, ನಮ್ಮ ವಸತಿಯೂ ಅದೇ ಆವರಣದಲ್ಲಿತ್ತು. ಗೊತ್ತಾದದ್ದು ಮನೆಗಳಿಗೆ ಹೋದಾಗ. ಹಾಸಿಗೆಗಾಗಿ ಕಾದಿರುವ ವೃದ್ಧರನ್ನು ಅವರ ಮನೆಗೇ ಹೋಗಿ ನೋಡಿ, ಯಾರನ್ನು ಮೊದಲು ಸೇರಿಸಿಕೊಳ್ಳಬೇಕೆಂದು ತೀರ್ಮಾನಿಸುವುದು ಅಲ್ಲಿನ ಪದ್ಧತಿ. ಹಿರಿಯ ವೈದ್ಯರು ನನ್ನನ್ನೂ ಜತೆಗೆ ಕರೆದೊಯ್ಯುತ್ತಿದ್ದರು.

ಗಿರಣಿ ಕಾರ್ಮಿಕರಿಗೆಂದು ಹಿಂದಿನ ಶತಮಾನದಲ್ಲಿ ಕಟ್ಟಿದ ಇಟ್ಟಿಗೆಯ ಸಾಲುಮನೆಗಳು ಅವು. ಕಕ್ಕಸು ಹಿತ್ತಲಿನಾಚೆ. ನೀರಿನ ಕೊಳವೆ ಹೊರಗೋಡೆಯ ಮೇಲೆ. ಅಷ್ಟು ಚಳಿ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಕಟ್ಟಿದ ಮನೆಗಳು. ಡಿಸೆಂಬರ್ ಮುಗಿಯುವಷ್ಟರಲ್ಲಿ ಕೊಳವೆಯ ನೀರು ಗಡ್ಡೆಕಟ್ಟಿ ಕೊಳವೆ ಸೀಳಿತು. ಹೆಂಗಸರು ಬಕೆಟ್ ಹಿಡಿದು ಬೀದಿನಲ್ಲಿಯ ಮುಂದೆ ಸಾಲು ನಿಂತರು. ಕಕ್ಕಸಿನ ನೀರು ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಅಲ್ಲೊಂದು ಸೀಮೆಎಣ್ಣೆ ದೀಪ ಉರಿಸಿಡುತ್ತಿದ್ದರು. ಬಾಗಿಲ ಮುಂದೆ ಇಟ್ಟುಹೋದ ಬಾಟಲಿಯ ಹಾಲು ಗಡ್ಡೆಯಾಗಿ, ಕೆನೆ ಮುಚ್ಚಳವನ್ನು ಎತ್ತಿಕೊಂಡು ಬೆರಳಗಲ ಮೇಲೆ ನಿಂತಿರುತ್ತಿತ್ತು. ಕಲ್ಲಿದ್ದಲು ರೈಲುವ್ಯಾಗನ್ನುಗಳಲ್ಲೇ ಹೆಪ್ಪುಗಟ್ಟಿ ಇಳಿಸುವುದೇ ಕಷ್ಟವಾಯಿತು. ಜನವರಿಯಲ್ಲಿ ವಿದ್ಯುತ್ ನೌಕರರ ಚಳವಳಿಯೂ ಸೇರಿ ಆಗಾಗ ಕರೆಂಟ್ ಹೋಗುತ್ತಿತ್ತು. ಕಟ್ಟಡದ ಕೆಲಸಗಳೆಲ್ಲ ನಿಂತು, ಫೆಬ್ರವರಿ ಹೊತ್ತಿಗೆ ಕೆಲಸವಿಲ್ಲದವರ ಸಂಖ್ಯೆ 8.7 ಲಕ್ಷ ದಾಟಿತು.

ಅಂಥ ಮನೆಗಳಲ್ಲಿ ಒಂದು ಕೋಣೆಯನ್ನು ಮಾತ್ರ ನಾನು ವಿವರವಾಗಿ ಹೇಳಬೇಕು. ಜನವರಿ ಕೊನೆಯ ಭಾಗ. ನೆಲಮಟ್ಟದ ಒಂದೇ ಕೋಣೆ, ಒಬ್ಬಂಟಿ ವಿಧವೆ, ಎಂಬತ್ತು ದಾಟಿದವರು, ಹಿಂದೆ ನೂಲುವ ಗಿರಣಿಯಲ್ಲಿ ದುಡಿದವರು. ಮೂರು ದಿನದಿಂದ ಬಾಗಿಲು ತೆರೆದಿಲ್ಲವೆಂದು ಪಕ್ಕದ ಮನೆಯಾಕೆ ಅವರ ವೈದ್ಯರಿಗೆ ಹೇಳಿಕಳಿಸಿದ್ದರು. ನಾವು ಒಳಗೆ ಹೋದಾಗ ಕಿಟಕಿಗಾಜಿನ ಒಳಮೈ ಮೇಲೆ ಹಿಮದ ಪದರ ದಪ್ಪಗೆ ಕಟ್ಟಿತ್ತು. ಹಾಸಿಗೆಯ ಮೇಲೆ ಕಂಬಳಿ, ಅದರ ಮೇಲೆ ಕೋಟು, ಅದರ ಮೇಲೆ ಹಳೆಯ ಪತ್ರಿಕೆಗಳು. ಪಕ್ಕದ ಸ್ಟೂಲಿನ ಮೇಲೆ ಕಟ್ಟುಹಲ್ಲು ಇಟ್ಟಿದ್ದ ಲೋಟ. ಅದರ ನೀರಿನ ಮೇಲೆ ತೆಳ್ಳನೆಯ ಮಂಜುಗಡ್ಡೆ. ಗೋಡೆಯಲ್ಲಿ ಗ್ಯಾಸಿನ ಒಲೆ, ಅದಕ್ಕೊಂದು ಮೀಟರು. ಷಿಲಿಂಗ್ ನಾಣ್ಯ ಹಾಕಿದರೆ ಗ್ಯಾಸು ಬರುತ್ತದೆ, ದುಡ್ಡಿನಷ್ಟು ಉರಿದು ಆರುತ್ತದೆ. ಒಲೆಯ ಮೇಲಿನ ಕಟ್ಟೆಯಲ್ಲಿ ಷಿಲಿಂಗ್‌ಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಟ್ಟಿದ್ದರು. ದಿನಕ್ಕೆ ಇಷ್ಟೇ ಎಂದು ಲೆಕ್ಕ. ಆಗ ಒಂಟಿ ವೃದ್ಧರಿಗೆ ಸರ್ಕಾರ ಕೊಡುತ್ತಿದ್ದ ಪಿಂಚಣಿ ವಾರಕ್ಕೆ 57 ಷಿಲಿಂಗ್ 6 ಪೆನ್ಸ್. ಬಾಡಿಗೆ, ಊಟ, ಗ್ಯಾಸು, ಎಲ್ಲ ಅದರಲ್ಲೇ. ನಾಣ್ಯಗಳು ಅಲ್ಲಿ ಸಾಲಾಗಿ ಇದ್ದವು, ಒಲೆ ಆರಿತ್ತು.

ಹಿರಿಯ ವೈದ್ಯರು ಮಂಚದ ಪಕ್ಕ ಮೊಣಕಾಲೂರಿ ಕೂತು, ಚಳಿಯಾಗುತ್ತಿದೆಯೆ ಎಂದು ಕೇಳಿದರು. ಇಲ್ಲ, ನಾನು ಆರಾಮಾಗಿದ್ದೇನೆ ಎಂದರು ಆಕೆ. ನಾಲಗೆ ತೊದಲುತ್ತಿತ್ತು, ದನಿ ಒರಟಾಗಿತ್ತು, ಮುಖ ಊದಿಕೊಂಡಿತ್ತು. ಮೈ ನಡುಗುತ್ತಿರಲಿಲ್ಲ. ವೈದ್ಯರು ಮುಂಗೈಯನ್ನು ನೋಡಲಿಲ್ಲ, ಹಣೆ ಮುಟ್ಟಲಿಲ್ಲ. ಹೊದಿಕೆಯೊಳಗೆ ಕೈ ಹಾಕಿ, ಅಂಗೈಯ ಹಿಂಬದಿಯನ್ನು ಹೊಟ್ಟೆಗೆ ತಾಗಿಸಿದರು. ಆಮೇಲೆ ನನ್ನ ಕೈಯನ್ನೂ ಅಲ್ಲಿಗೆ ತರಲು ಹೇಳಿದರು. ಎಂಥ ಚಳಿಯಲ್ಲೂ ಬಟ್ಟೆಯೊಳಗಿನ ಹೊಟ್ಟೆ ಬೆಚ್ಚಗಿರುತ್ತದೆ. ಆ ತಾಯಿಯ ಹೊಟ್ಟೆ ಅಮೃತಶಿಲೆಯಂತೆ ತಣ್ಣಗಿತ್ತು.

ವಾರ್ಡಿಗೆ ತಂದೆವು. ಥರ್ಮಾಮೀಟರ್ ಇಟ್ಟರೆ ಪಾದರಸ ಮೊದಲ ಗೆರೆಯನ್ನೇ ಮುಟ್ಟಲಿಲ್ಲ. ಇಲ್ಲಿರುವ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಜ್ವರ ನೋಡುವ ಗಾಜಿನ ಥರ್ಮಾಮೀಟರಿನಲ್ಲಿ ಗೆರೆಗಳು 95 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಶುರುವಾಗುತ್ತವೆ. ಸೆಲ್ಸಿಯಸ್‌ನಲ್ಲಿ 35. ದೇಹದ ಒಳಗಿನ ಕಾವು ಅದಕ್ಕಿಂತ ಕೆಳಗಿಳಿದರೆ ಅದನ್ನೇ ಹೈಪೋಥರ್ಮಿಯ ಎನ್ನುತ್ತೇವೆ. ಅಂದರೆ ಕಾಯಿಲೆ ಶುರುವಾಗುವ ಜಾಗದಲ್ಲಿ ನಮ್ಮ ಉಪಕರಣ ಮುಗಿದುಹೋಗುತ್ತದೆ. ದಾದಿ ಗಾಜನ್ನು ನೋಡಿ 95 ಎಂದು ಬರೆದಿಟ್ಟರೆ ರೋಗಿಯ ಕಾವು 85 ಇದ್ದರೂ ಯಾರಿಗೂ ತಿಳಿಯುವುದಿಲ್ಲ. ನಮ್ಮ ವಾರ್ಡಿನ ಸಿಸ್ಟರು ಬಲು ಅನುಭವಿ. ಅವರು ಪ್ರಯೋಗಾಲಯದಿಂದ ಬೇರೆ ಥರ್ಮಾಮೀಟರ್ ತರಿಸಿ ಗುದದ್ವಾರದಲ್ಲಿಟ್ಟು ನೋಡಿದರು. ಅಷ್ಟು ಕೆಳಗಿನ ಅಂಕಿಯನ್ನು ನಾನು ಅದುವರೆಗೆ ಮನುಷ್ಯರ ಮೈಯಲ್ಲಿ ಕಂಡಿರಲಿಲ್ಲ.

ಬಿಸಿನೀರಿನ ಬಾಟಲಿ ತರಲು ಎದ್ದವರನ್ನು ಸಿಸ್ಟರು ತಡೆದರು. ಇದೂ ಗೊತ್ತಿರಬೇಕಾದದ್ದು. ತಣ್ಣಗಾದ ಮುದಿಜೀವಕ್ಕೆ ಹೊರಗಿನಿಂದ ಒಮ್ಮೆಲೇ ಬಿಸಿ ಕೊಟ್ಟರೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದ ಒತ್ತಡ ಕುಸಿಯುತ್ತದೆ, ಹೃದಯ ನಿಂತೇಹೋಗಬಹುದು. ಬೆಚ್ಚನೆಯ ಕೋಣೆಯಲ್ಲಿ ಹೊದಿಸಿ ಮಲಗಿಸಿ, ಗಂಟೆಗೆ ಅರ್ಧ ಡಿಗ್ರಿಯಂತೆ ದೇಹ ತಾನಾಗಿ ಕಾವೇರಲು ಬಿಡಬೇಕು. ಹಾಗೆಯೇ ಮಾಡಿದೆವು. ಮಾರನೆಯ ದಿನ ಆಕೆ ಕಣ್ಣು ಬಿಟ್ಟು, ಗ್ಯಾಸು ಉರಿಯುತ್ತಿಲ್ಲ ತಾನೆ ಎಂದು ವಿಚಾರಿಸಿದರು. ಆ ವಾರದಲ್ಲೇ ನ್ಯುಮೋನಿಯ ಬಂದು ತೀರಿಕೊಂಡರು. ಮರಣಪತ್ರದಲ್ಲಿ ನ್ಯುಮೋನಿಯ ಎಂದು ಬರೆಯಲಾಯಿತು. ಚಳಿ ಎಂಬ ಮಾತು ಅದರಲ್ಲಿ ಎಲ್ಲೂ ಬರಲಿಲ್ಲ.

ಆ ಚಳಿಗಾಲದ ಸಾವುಗಳ ಲೆಕ್ಕ ಹಾಕುವವರಿಗೆ ಇದೇ ತೊಡಕು. ಹಿಮದಲ್ಲಿ ಸಿಕ್ಕಿಬಿದ್ದವರ ಸುದ್ದಿ ಮುಖಪುಟದಲ್ಲಿ ಬಂತು. ಸೀಮೆಎಣ್ಣೆ ಒಲೆ ಮಗುಚಿ ಬೆಂಕಿ ಬಿದ್ದರೆ ಅದೂ ಬಂತು. ಬೀಗ ಹಾಕಿದ ಕೋಣೆಯೊಳಗೆ ದಿನಕ್ಕಿಷ್ಟು ತಣ್ಣಗಾಗುತ್ತ ಹೋದವರು ಹೃದಯದ ಕಾಯಿಲೆ, ಪಾರ್ಶ್ವವಾಯು, ನ್ಯುಮೋನಿಯ ಎಂಬ ಹೆಸರುಗಳಲ್ಲಿ ಹಂಚಿಹೋದರು. ಹಾಗೆಂದು ಆ ದೇಶದ ವೈದ್ಯರು ಸುಮ್ಮನಿರಲಿಲ್ಲ ಎಂಬುದನ್ನು ನಾನು ಗೌರವದಿಂದ ಹೇಳಬೇಕು. 1964ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ವೃದ್ಧರ ಹೈಪೋಥರ್ಮಿಯದ ಬಗ್ಗೆ ಎಲ್ಲ ವೈದ್ಯರಿಗೂ ಟಿಪ್ಪಣಿ ಪ್ರಕಟಿಸಿತು. ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 1965ರ ಚಳಿಯ ತಿಂಗಳುಗಳಲ್ಲಿ ಆಯ್ದ ಆಸ್ಪತ್ರೆಗಳಲ್ಲಿ ಒಳರೋಗಿಗಳ ಕಾವನ್ನು ಕೆಳಗಿನವರೆಗೆ ಅಳೆಯುವ ಥರ್ಮಾಮೀಟರಿನಿಂದಲೇ ನೋಡಿಸಿತು. ದಾಖಲಾದ ಸಾವಿರ ಜನರಲ್ಲಿ ಹೆಚ್ಚುಕಡಿಮೆ ಏಳು ಮಂದಿಗೆ ಹೈಪೋಥರ್ಮಿಯ ಇತ್ತೆಂದು ಮರುವರ್ಷ ವರದಿ ಬಂತು. 1965 ಅಂಥ ಕಡುಚಳಿಯ ವರ್ಷವೇನೂ ಆಗಿರಲಿಲ್ಲ. ಅಳೆದು ನೋಡಿದ್ದರಿಂದ ಕಂಡಿತು, ಅಷ್ಟೆ.

ಶಿಶುಗಳ ವಿಷಯ ಅದಕ್ಕಿಂತ ಮೊದಲೇ ಬೆಳಕಿಗೆ ಬಂದಿತ್ತು. ಮನೆಯಲ್ಲಿ ಹುಟ್ಟಿ ತಣ್ಣನೆಯ ಕೋಣೆಯಲ್ಲಿ ಮಲಗಿದ ಕೂಸುಗಳ ಬಗ್ಗೆ ಬ್ರೈಟನ್ನಿನ ವೈದ್ಯರು 1957ರಲ್ಲೂ, ಗ್ಲಾಸ್ಗೋದ ಮಕ್ಕಳ ವೈದ್ಯರು 1963ರಲ್ಲೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅಂಥ ಕೂಸಿನ ಕೆನ್ನೆ ಕೆಂಪಗಿರುತ್ತದೆ. ಅಳುವುದಿಲ್ಲ, ಹಾಲು ಕೇಳುವುದಿಲ್ಲ. ಎಷ್ಟು ಒಳ್ಳೆಯ ಮಗು ಎಂದು ಮನೆಯವರು ತಿಳಿಯುತ್ತಾರೆ. ಮಗು ಹೋಗುತ್ತಿರುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಸೇರಿಸದೆ ಇರಲಾರೆ. ನಾವು ಲ್ಯಾಂಕಷೈರಿನಲ್ಲಿ ಹಿಮ ನೋಡುತ್ತಿದ್ದಾಗ ಚೀನಾ ಯುದ್ಧ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ನಮ್ಮ ಜವಾನರನ್ನು ಹಿಮಾಲಯದ ಆ ಎತ್ತರಕ್ಕೆ ಹತ್ತಿಯ ಸಮವಸ್ತ್ರದಲ್ಲಿ, ಕ್ಯಾನ್ವಾಸ್ ಬೂಟುಗಳಲ್ಲಿ ಕಳಿಸಿದ್ದರು. ಗುಂಡು ತಾಗದೆಯೇ ಬೆರಳು, ಪಾದ ಕಳೆದುಕೊಂಡವರು ಎಷ್ಟೋ ಜನ. ಮೈಸೂರಿನಿಂದ ಅಮ್ಮ ಬರೆದ ಪತ್ರದಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳೆಲ್ಲ ಜವಾನರಿಗೆಂದು ಸ್ವೆಟರ್ ಹೆಣೆಯುತ್ತಿದ್ದಾರೆ, ಅಕ್ಕನೂ ಹೆಣೆಯುತ್ತಿದ್ದಾಳೆ, ಉಳಿದ ಉಣ್ಣೆಯಲ್ಲಿ ನಿನಗೊಂದು ಮಫ್ಲರು ಮಾಡಿದ್ದಾಳೆ ಎಂದಿತ್ತು. ಆ ಮಫ್ಲರು ಬಂತು. ಅದನ್ನು ಕಟ್ಟಿಕೊಂಡೇ ನಾನು ಸಾಲುಮನೆಗಳಿಗೆ ಹೋಗುತ್ತಿದ್ದೆ. ಯುದ್ಧಭೂಮಿಯ ಯೋಧ, ಗಿರಣಿ ಊರಿನ ವಿಧವೆ ಇಬ್ಬರನ್ನೂ ಚಳಿ ಹಿಡಿದದ್ದು ಅವರಿಗೆ ಬೇಕಾದ ಬಟ್ಟೆ, ಬೆಂಕಿಗಳನ್ನು ಒದಗಿಸಬೇಕಾದವರು ಒದಗಿಸದೆ ಇದ್ದದ್ದರಿಂದ. ಇದನ್ನು ಆಗ ಯೋಚಿಸಿದ್ದೆ, ಈಗಲೂ ಹಾಗೆಯೇ ತಿಳಿದಿದ್ದೇನೆ.

ಮಾರ್ಚ್ 6ರ ಬೆಳಗ್ಗೆ ಆ ವರ್ಷ ಮೊದಲ ಸಲ ಬ್ರಿಟನ್ನಿನ ಯಾವ ಊರಿನಲ್ಲೂ ಇಬ್ಬನಿ ಹೆಪ್ಪುಗಟ್ಟಲಿಲ್ಲ. ಬಿಸಿಲು ಬಂತು, ಸೀಳಿದ ಕೊಳವೆಗಳಿಂದ ಮನೆಮನೆಯೊಳಗೂ ನೀರು ನುಗ್ಗಿತು. ಆ ಚಳಿಗಾಲದ ಕತೆ ಅಲ್ಲಿಗೆ ಮುಗಿಯಿತು.

ಮುಂದೆ ಏನಾಯಿತೆಂದರೆ ಬ್ರಿಟನ್ನಿನಲ್ಲಿ ಮನೆಗಳನ್ನು ಬೆಚ್ಚಗಿಡುವುದು ಆರೋಗ್ಯದ ವಿಷಯವೆಂದು ನಿಧಾನವಾಗಿ ಒಪ್ಪಿಕೊಂಡರು. 1997ರಿಂದ ವೃದ್ಧರಿಗೆ ಚಳಿಗಾಲದ ಇಂಧನ ಭತ್ಯೆ ಬಂತು. ಅದೇ ವರ್ಷ ಯೂರೋಪಿನ ಹಲವು ಪ್ರದೇಶಗಳನ್ನು ಹೋಲಿಸಿ ವಿಲಿಯಂ ಕೀಟಿಂಜ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅದರ ಫಲಿತಾಂಶವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತಿದ್ದೆ. ಉಷ್ಣಾಂಶ ಒಂದು ಡಿಗ್ರಿ ಇಳಿದಾಗ ಹೆಚ್ಚುವ ಸಾವುಗಳ ಪ್ರಮಾಣ ಫಿನ್ಲೆಂಡಿನಂಥ ಕಡುಚಳಿಯ ಸೀಮೆಗಿಂತ ಲಂಡನ್, ಅಥೆನ್ಸ್‌ಗಳಲ್ಲಿ ಜಾಸ್ತಿ. ಚಳಿಯ ಸೀಮೆಯವರು ಮನೆ ಬೆಚ್ಚಗಿಡುತ್ತಾರೆ, ಹೊರಗೆ ಹೋಗುವಾಗ ಟೋಪಿ, ಕೈಗವಸು ಹಾಕುತ್ತಾರೆ. ಸೆಕೆಯ ಸೀಮೆಯವರು ನಮಗೇನು ಚಳಿ ಎಂದು ಇದ್ದುಬಿಡುತ್ತಾರೆ.

ನಾವು ಆ ಎರಡನೆಯ ಗುಂಪಿನವರು. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದರೆ ಹವಾಮಾನ ಇಲಾಖೆ ಶೀತಗಾಳಿಯ ಬಗ್ಗೆ ಯೋಚಿಸತೊಡಗುತ್ತದೆ. ಬೀದರ್, ವಿಜಯಪುರಗಳಲ್ಲಿ ಕೆಲವು ವರ್ಷ ಪಾದರಸ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ತಗಡಿನ ಸೂರಿನ ಕೆಳಗೆ, ಬಸ್‌ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿದ ಮುದುಕರಿಗೆ ಆ ರಾತ್ರಿ ಸಾಕು. ಬೆಳಗ್ಗೆ ಹೆಣ ಸಿಕ್ಕಿದರೆ ಅನಾಥ ಶವ ಎಂದು ದಾಖಲಾಗುತ್ತದೆ. ಕಾವು ಎಷ್ಟಿತ್ತೆಂದು ಯಾರೂ ಬರೆದಿಟ್ಟಿರುವುದಿಲ್ಲ.

ನನಗೆ ಇದು ಮನದಟ್ಟಾದದ್ದು ಊರಿಗೆ ಮರಳಿ ಸರ್ಕಾರಿ ಸೇವೆಗೆ ಸೇರಿ, ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಗೆ ಹೋದ ಮೇಲೆ. ಆಷಾಢದ ಜಡಿಮಳೆ. ಹೆರಿಗೆ ಕೋಣೆಯ ಗೋಡೆಗಳೆಲ್ಲ ಜಿನುಗುತ್ತಿದ್ದವು. ಆಗಿನ ರೂಢಿಯೆಂದರೆ ಹುಟ್ಟಿದ ಕೂಸನ್ನು ಒಂದು ಬಟ್ಟೆಯಲ್ಲಿ ಸುತ್ತಿ ಪಕ್ಕದ ಟ್ರೇಯಲ್ಲಿಡುವುದು, ಮಾಸು ಬೀಳುವವರೆಗೆ ತಾಯಿಯ ಕಡೆ ನೋಡುವುದು, ಆಮೇಲೆ ಕೂಸಿಗೆ ಸ್ನಾನ ಮಾಡಿಸುವುದು. ಒದ್ದೆ ಮೈಯ ಕೂಸು ನಿಮಿಷಗಳಲ್ಲಿ ಕಾವು ಕಳೆದುಕೊಳ್ಳುತ್ತದೆ. ಎರಡನೆಯ ದಿನ ಮಗು ಮಂಕಾಗಿದೆ, ಮೊಲೆ ಹಿಡಿಯುತ್ತಿಲ್ಲ ಎಂದು ಕರೆದಾಗ ಹೋಗಿ ಅಂಗೈಯ ಹಿಂಬದಿಯನ್ನು ಹೊಟ್ಟೆಗೆ ತಾಗಿಸಿದೆ. ಲ್ಯಾಂಕಷೈರಿನ ಆ ಕೋಣೆಯಲ್ಲಿ ತಾಗಿದ್ದೇ ಇಲ್ಲೂ ತಾಗಿತು, ಅದೂ ನಮ್ಮ ನಾಡಿನ ಜುಲೈ ತಿಂಗಳಲ್ಲಿ. ಅಲ್ಲಿ ಹೆರಿಗೆ ಮಾಡಿಸುತ್ತಿದ್ದ ಹಿರಿಯ ನರ್ಸಮ್ಮನವರಿಗೆ ಹೇಳಿದೆ. ಅವರು ಮರುದಿನದಿಂದಲೇ ಹುಟ್ಟಿದ ಕೂಸನ್ನು ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಮೇಲೆ ಕಂಬಳಿ ಹೊದಿಸತೊಡಗಿದರು. ತಲೆಗೆ ಕುಲಾವಿ ಹಾಕದೆ ಒಂದು ಕೂಸನ್ನೂ ಹೊರಗೆ ಕಳಿಸುತ್ತಿರಲಿಲ್ಲ. 1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಿರುವ ಕೂಸುಗಳನ್ನು ಹೀಗೆ ತಾಯಿಯ ಮೈಗೆ ಮೈ ತಾಗಿಸಿ ಉಳಿಸುವ ಪದ್ಧತಿ ಶುರುಮಾಡಿದರು. ಕಾಂಗರೂ ಆರೈಕೆ ಎಂದು ಈಗ ಅದು ಲೋಕಕ್ಕೆಲ್ಲ ಗೊತ್ತು. ಮೊದಲ ಸ್ನಾನವನ್ನು 24 ಗಂಟೆಯಾದರೂ ಮುಂದೂಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಮ್ಮ ಬಾಣಂತಿ ಕೋಣೆಯ ಪದ್ಧತಿಗಳಲ್ಲಿ ಒಳ್ಳೆಯದೂ ಇದೆ, ಬಿಡಬೇಕಾದದ್ದೂ ಇದೆ. ಕುಲಾವಿ, ಕಂಬಳಿ, ತಾಯಿ ಮಗು ಒಂದೇ ಹಾಸಿಗೆಯಲ್ಲಿರುವುದು ಒಳ್ಳೆಯದು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವುದನ್ನು ದಯವಿಟ್ಟು ಬಿಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇಲ್ಲಿರುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಈ ಮಾರ್ಗಶಿರ, ಪುಷ್ಯದಲ್ಲಿ ನಿಮ್ಮ ಮನೆಯ ಹಿರಿಯರು ಎಂದಿಗಿಂತ ಮಂಕಾಗಿದ್ದರೆ, ಮಾತು ತೊದಲಿದರೆ, ಚಳಿಯಿಲ್ಲ ಎಂದು ಅವರೇ ಹೇಳಿದರೂ, ಒಮ್ಮೆ ಹೊಟ್ಟೆ ಮುಟ್ಟಿ ನೋಡಿ. ಕೂಸಿನದೂ ಅಷ್ಟೆ. ಪಾದ ಮಾತ್ರ ತಣ್ಣಗಿದ್ದರೆ ಎದೆಗೆ ಅಪ್ಪಿಕೊಂಡು ಬೆಚ್ಚಗೆ ಮಾಡಿ. ಹೊಟ್ಟೆಯೂ ತಣ್ಣಗಿದ್ದರೆ ಎದೆಗಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ. ಇನ್ನು ವೈದ್ಯಮಿತ್ರರಿಗೆ: 35 ಡಿಗ್ರಿಗಿಂತ ಕೆಳಗೂ ಓದುವ ಥರ್ಮಾಮೀಟರ್ ನಿಮ್ಮ ಹೆರಿಗೆ ಕೋಣೆಯಲ್ಲಿ, ತುರ್ತು ಚಿಕಿತ್ಸೆಯ ಮೇಜಿನ ಮೇಲೆ ಇದೆಯೆ ಎಂದು ನಾಳೆ ಬೆಳಗ್ಗೆ ನೋಡಿಕೊಳ್ಳಿ. ಅದು ದುಬಾರಿ ವಸ್ತುವಲ್ಲ. ದತ್ತಿಯ ನಿಯಮದಂತೆ ಈ ಉಪನ್ಯಾಸಕ್ಕೆ ಕೊಡುವ ಗೌರವಧನವನ್ನು ಅಂಥ ಥರ್ಮಾಮೀಟರ್ ಕೊಂಡು ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಿಗೆ ಹಂಚಲು ಬಳಸಬೇಕೆಂದು ಸಮಿತಿಯವರನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ.